ಒಂದೇ ಆಲ್ಬಂ ಮಾಡಿ ಬೇರೆಯಾದ ‘ಸ್ಟ್ರಾಬೆರಿ ಸ್ವಿಚ್‌ಬ್ಲೇಡ್’ ಜೋಡಿಗೆ ಈಗಲೂ ಅಭಿಮಾನಿಗಳಿರುವುದು ಯಾಕೆ?

ಸಿಹಿಯಾದ ಪಾಪ್ ರಾಗದೊಳಗೆ ಭಯ, ವಿಷಾದಗಳನ್ನು ಹುದುಗಿಸಿಟ್ಟಿದ್ದಕ್ಕೆ. ಮೊದಲ ಸಲಕ್ಕೆ ರಾಗ ಹಿಡಿಸುತ್ತದೆ; ಮತ್ತೆ ಮತ್ತೆ ಕೇಳಿದಾಗ ಸಾಹಿತ್ಯ ಒಳಗಿಳಿಯುತ್ತದೆ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಜಿಲ್ ಬ್ರೈಸನ್ ಮತ್ತು ರೋಸ್ ಮ್ಯಾಕ್‌ಡೊವಾಲ್ 1981ರಲ್ಲಿ ಕಟ್ಟಿದ ತಂಡವಿದು. 1983ರ ‘ಟ್ರೀಸ್ ಅಂಡ್ ಫ್ಲವರ್ಸ್’ ಕೇಳಿ. ಹೆಸರಿನಲ್ಲಿ ಮರ, ಹೂವು; ಒಳಗಿರುವುದು ಮನೆಯಿಂದ ಹೊರಗೆ ಕಾಲಿಡಲು ಹೆದರುವ ಅಗೊರಾಫೋಬಿಯಾ. ಜಿಲ್ ಸ್ವತಃ ಅನುಭವಿಸಿದ್ದು ಅದು. ಹಾಗಿದ್ದೂ ದನಿಯಲ್ಲಿ ಗೋಳಾಟವಿಲ್ಲ, ಜೋಗುಳದಷ್ಟು ಮೆತ್ತಗೆ ಹಾಡುತ್ತಾರೆ. ನನಗಂತೂ ಅದೇ ಅವರ ಅತ್ಯುತ್ತಮ ಹಾಡು.

ಹೆಚ್ಚಿನವರಿಗೆ ಗೊತ್ತಿರುವುದು ‘ಸಿನ್ಸ್ ಯೆಸ್ಟರ್‌ಡೇ’ ಮಾತ್ರ. ಫಿನ್ಲೆಂಡಿನ ಸಂಗೀತ ಸಂಯೋಜಕ ಸಿಬೇಲಿಯಸ್‌ನ ಐದನೇ ಸಿಂಫನಿಯ ಕಹಳೆಯ ಧಾಟಿಯಿಂದ ಶುರುವಾಗುವ ಈ ಹಾಡು 1985ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೇ ಸ್ಥಾನಕ್ಕೇರಿತು. ಚುಕ್ಕಿ ಬಟ್ಟೆ, ತಲೆತುಂಬ ರಿಬ್ಬನ್, ದಟ್ಟ ಕಾಡಿಗೆಯ ವೇಷ ಎಷ್ಟು ಕಣ್ಣು ಸೆಳೆಯಿತೆಂದರೆ ಹಾಡಿನ ಕತ್ತಲೆ ಹಲವರ ಗಮನಕ್ಕೇ ಬರಲಿಲ್ಲ. 1986ರಲ್ಲಿ ಇಬ್ಬರೂ ಬೇರೆಯಾದರು.

ಆಲ್ಬಂನಲ್ಲಿ ಎಲೆಕ್ಟ್ರಾನಿಕ್ ವಾದ್ಯ ಸಿಂಥಸೈಜರ್‌ನದೇ ಅಬ್ಬರ. ಹಾಗಾಗಿ 1982ರಲ್ಲಿ ಬಿಬಿಸಿ ರೇಡಿಯೊಗೆ ಮಾಡಿದ ಸರಳ ಧ್ವನಿಮುದ್ರಣಗಳನ್ನೂ ಹುಡುಕಿ ಕೇಳಿ; ಇಬ್ಬರ ದನಿಗಳ ಹೊಂದಾಣಿಕೆ ಅಲ್ಲಿ ನಿಚ್ಚಳವಾಗಿದೆ.