ಚಿಪ್‌ಸೆಟ್ ಯಾರದು ಅನ್ನೋದಕ್ಕಿಂತ ಸಾಕೆಟ್ ಎಷ್ಟು ವರ್ಷ ಬಾಳುತ್ತೆ ನೋಡಿ

ಪ್ರಶ್ನೆ: ಮಗಳು ಆರ್ಕಿಟೆಕ್ಚರ್ ಎರಡನೇ ವರ್ಷ ಓದುತ್ತಿದ್ದಾಳೆ. ಅವಳಿಗೆ ಡೆಸ್ಕ್‌ಟಾಪ್ ಮಾಡಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎರಡು ಕೊಟೇಶನ್ ತಂದಿದ್ದೇನೆ. ಒಂದರಲ್ಲಿ ಇಂಟೆಲ್ ಐ5-12400ಎಫ್, ಎಚ್610 ಬೋರ್ಡ್, ಡಿಡಿಆರ್4 ರ‍್ಯಾಮ್. ಇನ್ನೊಂದರಲ್ಲಿ ಎಎಂಡಿ ರೈಜನ್ 5 7600, ಬಿ650 ಬೋರ್ಡ್, ಡಿಡಿಆರ್5 ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಒಂದೇ. ಎರಡನೆಯದು 12 ಸಾವಿರ ಜಾಸ್ತಿ. ‘ಇಂಟೆಲ್ ಚಿಪ್‌ಸೆಟ್ ಇದ್ರೆ ತಲೆನೋವಿಲ್ಲ’ ಅಂತಾರೆ ಅಂಗಡಿಯವರು. 2001ರಲ್ಲಿ ನನಗೂ ‘ವಿಐಎ ಚಿಪ್‌ಸೆಟ್ ಬೋರ್ಡ್ ಬೇಡ’ ಅಂದಿದ್ದರು. ಆ ಮಾತು ಈಗಲೂ ನಡೆಯುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಿ650 ತೆಗೆದುಕೊಳ್ಳಿ. ಆ 12 ಸಾವಿರ ದಂಡ ಅಲ್ಲ. ಚಿಪ್‌ಸೆಟ್ ಅಂದರೆ ಪ್ರೊಸೆಸರ್‌ಗೂ ಉಳಿದ ಭಾಗಗಳಿಗೂ ಸಂಪರ್ಕ ಕೊಡುವ ಬೋರ್ಡ್ ಮೇಲಿನ ಚಿಪ್, ಸಾಕೆಟ್ ಅಂದರೆ ಪ್ರೊಸೆಸರ್ ಕೂರುವ ಜಾಗ.

2001ರಲ್ಲಿ ನಿಮಗೆ ಹೇಳಿದವರು ಸುಮ್ನೆ ಹೇಳಿರಲಿಕ್ಕಿಲ್ಲ. ಆಗ ರ‍್ಯಾಮ್ ಜೊತೆ ಮಾತಾಡುವ ಕೆಲಸ ಬೋರ್ಡ್ ಮೇಲಿನ ನಾರ್ತ್‌ಬ್ರಿಡ್ಜ್ ಚಿಪ್‌ನದು. ಅದನ್ನು ಯಾರು ಮಾಡಿದ್ದಾರೆ ಅನ್ನುವುದರ ಮೇಲೆ ಇಡೀ ಕಂಪ್ಯೂಟರ್‌ನ ವೇಗ ನಿಂತಿತ್ತು. ಆ ದಿನಗಳಲ್ಲಿ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದ ನಾವೆಲ್ಲ ಬೋರ್ಡ್ ಕೈಗೆ ಬಂದ ಕೂಡಲೇ ಮೊದಲು ಓದುತ್ತಿದ್ದುದು ಆ ಚಿಪ್ ಮೇಲಿನ ಹೆಸರನ್ನೇ. ಆಗ ಚಿಪ್‌ಸೆಟ್ ಮಾಡುತ್ತಿದ್ದ ಕಂಪನಿಗಳು ಹಲವು: ವಿಐಎ, ಸಿಸ್, ಎಎಲ್ಐ, ಇಂಟೆಲ್, ಆಮೇಲೆ ಎನ್‌ವಿಡಿಯಾ. ವಿಐಎಯ 686ಬಿ ಸೌತ್‌ಬ್ರಿಡ್ಜ್‌ನಲ್ಲಿ (ಡಿಸ್ಕ್ ಮುಂತಾದವನ್ನು ನೋಡಿಕೊಳ್ಳುವ ಚಿಪ್) ಡೇಟಾ ಕೆಡುವ ದೋಷ ಆಗ ದೊಡ್ಡ ಸುದ್ದಿಯಾಗಿತ್ತು. ಆದರೆ ಇಂಟೆಲ್ ಹೆಸರು ಇದ್ದರೆ ತೊಂದರೆಯೇ ಇಲ್ಲ ಅನ್ನುವ ಹಾಗೆ ಆಗಲೂ ಇರಲಿಲ್ಲ. ದುಬಾರಿ ರ‍್ಯಾಂಬಸ್ ರ‍್ಯಾಮ್‌ಗೆಂದು ಮಾಡಿದ 820 ಚಿಪ್‌ಸೆಟ್‌ಗೆ ಸಾಮಾನ್ಯ ರ‍್ಯಾಮ್ ಹೊಂದಿಸಲು ಹೋಗಿ, 2000ದ ಮೇ ತಿಂಗಳಲ್ಲಿ ಇಂಟೆಲ್ ಬೋರ್ಡ್‌ಗಳನ್ನೇ ವಾಪಸ್ ಕರೆಸಿಕೊಂಡಿತು. 2011ರ ಜನವರಿಯಲ್ಲಿ ಮತ್ತೆ 6 ಸರಣಿಯ ಚಿಪ್‌ಸೆಟ್‌ನ ಸಾಟಾ ಪೋರ್ಟ್‌ಗಳಲ್ಲಿ (ಡಿಸ್ಕ್ ಜೋಡಿಸುವ ಜಾಗ) ದೋಷ ಸಿಕ್ಕಿತು.

ಈಗ ಆ ಆಟವೇ ಬೇರೆ. 2003ರಲ್ಲಿ ಎಎಂಡಿ, 2008ರಲ್ಲಿ ಇಂಟೆಲ್ ಮೆಮೊರಿ ಕಂಟ್ರೋಲರನ್ನು, ಅಂದರೆ ರ‍್ಯಾಮ್ ಜೊತೆ ಮಾತಾಡುವ ಆ ಭಾಗವನ್ನು, ಪ್ರೊಸೆಸರ್ ಒಳಗೆ ತಂದವು. ಚಿಪ್‌ಸೆಟ್‌ಗೆ ಉಳಿದದ್ದು ಯುಎಸ್‌ಬಿ, ಸಾಟಾ, ಒಂದಷ್ಟು ಪಿಸಿಐಇ ಲೇನ್ (ಕಾರ್ಡ್, ಎಸ್‌ಎಸ್‌ಡಿಗಳಿಗೆ ಡೇಟಾ ಹೋಗುವ ದಾರಿ). ತಮ್ಮ ಹೆಸರಲ್ಲೇ ಚಿಪ್‌ಸೆಟ್ ಮಾರುತ್ತಿದ್ದ ಬೇರೆ ಕಂಪನಿಗಳು ಒಂದೊಂದಾಗಿ ಕಣದಿಂದ ಹೋದವು. ಆದರೂ ನಿಮ್ಮ ಕೊಟೇಶನ್‌ನಲ್ಲಿರುವ, ಎಎಂಡಿ ಹೆಸರಲ್ಲಿ ಬರುವ ಬಿ650 ಚಿಪ್ ತೈವಾನಿನ ಎಎಸ್‌ಮೀಡಿಯಾ ವಿನ್ಯಾಸ ಮಾಡಿದ್ದು. ದುಬಾರಿ ಎಕ್ಸ್670 ಅಂದರೆ ಅದೇ ಚಿಪ್ ಎರಡು.

ಇವತ್ತಿನ ಪೈಪೋಟಿ ಇರುವುದು ಸಾಕೆಟ್‌ನಲ್ಲಿ. ನಿಮ್ಮ ಎಚ್610ರ ಸಾಕೆಟ್ ಎಲ್‌ಜಿಎ 1700. ಅದು ಇಂಟೆಲ್ ಪ್ರೊಸೆಸರ್‌ಗಳ 12, 13, 14ನೇ ಪೀಳಿಗೆಗೆ ಮುಗಿಯಿತು. 2024ರ ಅಕ್ಟೋಬರ್‌ನಲ್ಲಿ ಬಂದ ಇಂಟೆಲ್ ಪ್ರೊಸೆಸರ್‌ಗೆ ಬೇರೆಯೇ ಸಾಕೆಟ್. ಬಿ650ರ ಸಾಕೆಟ್ ಎಎಂ5, ಅದನ್ನು 2027 ಮತ್ತು ಅದರಾಚೆಗೂ ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಅಂದರೆ ಮುಂದೆ ಬೋರ್ಡ್ ಬದಲಿಸದೆ ಹೊಸ ಪ್ರೊಸೆಸರ್ ಹಾಕಬಹುದು. ಇದನ್ನು ಎಎಂಡಿಯ ದೊಡ್ಡತನ ಅಂತ ನಾನು ಹೇಳುವುದಿಲ್ಲ. 2020ರ ಮೇ ತಿಂಗಳಲ್ಲಿ, ಹಿಂದಿನ ಎಎಂ4 ಸಾಕೆಟ್‌ನ ಬಿ450 ಬೋರ್ಡ್‌ಗೆ ಹೊಸ ರೈಜನ್ ಹಾಕಲಾಗದು ಅಂತ ಇದೇ ಕಂಪನಿ ಹೇಳಿತ್ತು. ಗ್ರಾಹಕರು ಗಲಾಟೆ ಮಾಡಿದ ಮೇಲೆ ಕೆಲವೇ ದಿನಗಳಲ್ಲಿ ಮಾತು ಬದಲಿಸಿತು. ಕೊಳ್ಳುವವರು ಬಾಯಿ ಬಿಟ್ಟು ಕೇಳಿದ್ದಕ್ಕೆ ಸಿಕ್ಕಿದ್ದು ಅದು.

ಇನ್ನು ಬೋರ್ಡ್ ಕಡೆ ನೋಡೋಣ. ಮಗಳು ತನ್ನ ವಿನ್ಯಾಸದಿಂದ ನೈಜ ಚಿತ್ರ ತೆಗೆಯಲು ರೆಂಡರ್ ಹಾಕಿದರೆ ಪ್ರೊಸೆಸರ್ ಗಂಟೆಗಟ್ಟಲೆ ಪೂರ್ತಿ ದುಡಿಯುತ್ತದೆ. ಸಾಕೆಟ್ ಪಕ್ಕದಲ್ಲಿ ಪ್ರೊಸೆಸರ್‌ಗೆ ಕರೆಂಟ್ ಹೊಂದಿಸಿ ಕೊಡುವ ಭಾಗ ಇರುತ್ತದಲ್ಲ, ವಿಆರ್‌ಎಂ, ಅದರ ಮೇಲೆ ಲೋಹದ ಹೀಟ್‌ಸಿಂಕ್ ಇದೆಯಾ ಅಂತ ಕಣ್ಣಾರೆ ನೋಡಿ. ಅಗ್ಗದ ಎಚ್610 ಬೋರ್ಡ್ ಎಷ್ಟೋ ಕಡೆ ಬೋಳಾಗಿರುತ್ತದೆ. 12400ಎಫ್ ಗರಿಷ್ಠ 117 ವ್ಯಾಟ್ ಎಳೆಯುತ್ತದೆ, ಹೇಗೋ ನಡೆಯುತ್ತದೆ. ಮುಂದೆ 180 ವ್ಯಾಟ್‌ನ ಐ7-12700 ಹಾಕಿದರೆ ವಿಆರ್‌ಎಂ ಬಿಸಿಯೇರಿ ವೇಗ ಕುಸಿಯುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲನ್ನು ನಾನು ನಿಮಗೆ ಹೇಳಬೇಕಾ? ರೈಜನ್ 7600ರ ಮಿತಿ 88 ವ್ಯಾಟ್.

ಎಸ್‌ಎಸ್‌ಡಿ ಹಾಕುವ ಎಂ.2 ಸ್ಲಾಟ್ ಎರಡಾದರೂ ಇರಲಿ. ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಇನ್ನೂ ಒಳ್ಳೆಯದು, ಪ್ರೊಸೆಸರ್ ಇಲ್ಲದೆಯೂ ಬಯೋಸ್ (ಬೋರ್ಡನ್ನು ಚಾಲೂ ಮಾಡುವ ತಂತ್ರಾಂಶ) ಹೊಸದು ಮಾಡಬಹುದು. ರ‍್ಯಾಮ್ 16 ಜಿಬಿಯ ಎರಡು ಕಡ್ಡಿ ಹಾಕಿಸಿ. ಡಿಡಿಆರ್5ನಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ವೇಗ ತಗ್ಗುತ್ತದೆ. ಈ ಪ್ರೊಸೆಸರ್‌ಗೆ ಎರಡು ಕಡ್ಡಿಯಲ್ಲಿ 5200 ಎಂಟಿ/ಸೆ ಇರುವ ಅಧಿಕೃತ ವೇಗ ನಾಲ್ಕರಲ್ಲಿ 3600 ಮಾತ್ರ.

ಅಂಗಡಿಯವರು ‘ಬಿ650 ಇಲ್ಲ, ಅದಕ್ಕಿಂತ ಹೊಸದು ಬಿ840 ಇದೆ’ ಅಂದರೆ ಬೇಡ ಅನ್ನಿ. ನಂಬರ್ ದೊಡ್ಡದು, ಆದರೆ ಅದರ ಚಿಪ್‌ಸೆಟ್ ಪಿಸಿಐಇ 3ರಲ್ಲೇ ನಿಂತಿದೆ. ಬಿ850 ಆದರೆ ಧಾರಾಳವಾಗಿ ತೆಗೆದುಕೊಳ್ಳಿ. ಎಎಂ5ನಲ್ಲಿ ಪಿನ್‌ಗಳು ಇರುವುದು ಬೋರ್ಡ್ ಮೇಲೆ. ಒಂದು ಬಾಗಿದರೂ ವಾರಂಟಿಗೆ ತಕರಾರು ಬರುತ್ತದೆ. ಹಾಗಾಗಿ ಸಾಕೆಟ್ ಮುಚ್ಚಳವನ್ನು ನಿಮ್ಮೆದುರೇ ತೆಗೆಯಲಿ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಬೋರ್ಡ್ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಸ್ವಿಚ್ ಆರಿಸಬೇಡಿ.

ಪ್ರಶ್ನೆ: ನನ್ನ ಹತ್ತಿರ ಬಿ450 ಬೋರ್ಡ್, ರೈಜನ್ 5 2600 ಇದೆ. ವಿಡಿಯೊ ಎಡಿಟಿಂಗ್ ನಿಧಾನ ಆಗಿದೆ. ಬೋರ್ಡ್ ಬದಲಿಸಲೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಡ. ಮೇಲೆ ಹೇಳಿದ ಗಲಾಟೆಯ ಫಲ ನಿಮಗೇ ಸಿಕ್ಕಿದೆ. ಎಂಟು ಕೋರ್‌ನ ರೈಜನ್ 7 5700ಎಕ್ಸ್ ಇದೇ ಬೋರ್ಡ್‌ಗೆ ಕೂರುತ್ತದೆ, ರ‍್ಯಾಮ್ ಕೂಡ ಅದೇ ಸಾಕು. ಕೊಳ್ಳುವ ಮೊದಲು ಬೋರ್ಡ್ ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಮಾದರಿಯ ಪ್ರೊಸೆಸರ್ ಪಟ್ಟಿ ನೋಡಿ. ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮುಗಿಸಿ, ಹೊಸದನ್ನು ಆಮೇಲೆ ಹಾಕಿ. ಅಪ್‌ಡೇಟ್ ಆಗುವಾಗ ಯುಪಿಎಸ್ ಕಡ್ಡಾಯ, ಮಳೆಗಾಲದಲ್ಲಂತೂ ಮರೆಯಲೇಬೇಡಿ.