ಪ್ರ: ದಕ್ಷಿಣ ಆಫ್ರಿಕಾದ ಅಧ್ಯಕ್ಷರನ್ನು ಜನರು ನೇರವಾಗಿ ಆರಿಸುತ್ತಾರೆಯೇ?

ಇಲ್ಲ. ಜನರು ಮತ ಹಾಕುವುದು ಮುಖ್ಯವಾಗಿ ಪಕ್ಷಕ್ಕೆ. ಮತಪ್ರಮಾಣಕ್ಕೆ ತಕ್ಕಂತೆ 400 ಸ್ಥಾನಗಳ ರಾಷ್ಟ್ರೀಯ ಸಭೆಯಲ್ಲಿ ಪಕ್ಷಗಳಿಗೆ ಪಾಲು ಸಿಗುತ್ತದೆ. ಆ ಸಭೆ ತನ್ನ ಸದಸ್ಯರೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತದೆ. ಆಯ್ಕೆಯಾದವರು ಸದಸ್ಯತ್ವ ಕಳೆದುಕೊಳ್ಳುತ್ತಾರೆ, ಆದರೆ ಸಭೆಗೆ ಉತ್ತರದಾಯಿಯಾಗಿಯೇ ಉಳಿಯುತ್ತಾರೆ. ಕನಿಷ್ಠ ಮತಪ್ರಮಾಣದ ಷರತ್ತು ಇಲ್ಲದ ಕಾರಣ ಶೇ 1ಕ್ಕಿಂತ ಕಡಿಮೆ ಮತ ಪಡೆದ ಪಕ್ಷಕ್ಕೂ ಸ್ಥಾನ ದಕ್ಕಬಹುದು. ಸಣ್ಣ ದನಿಗಳನ್ನೂ ಒಳಗೆ ಕರೆದುಕೊಳ್ಳುವ ಈ ಏರ್ಪಾಡು ನನಗೆ ಬಹಳ ಇಷ್ಟ.

ಇದರ ನಿಜವಾದ ಪರೀಕ್ಷೆ ನಡೆದದ್ದು 2024ರಲ್ಲಿ. 1994ರಿಂದ ಬಹುಮತದಲ್ಲಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ 159 ಸ್ಥಾನಗಳಿಗೆ ಇಳಿಯಿತು. ಆಗ ಹಳೆಯ ಎದುರಾಳಿ ಡೆಮಾಕ್ರಟಿಕ್ ಅಲಯನ್ಸ್‌ನ ಬೆಂಬಲದಿಂದ ಸಿರಿಲ್ ರಾಮಫೋಸಾ ಮತ್ತೆ ಅಧ್ಯಕ್ಷರಾದರು. ಎರಡೂ ಪಕ್ಷಗಳು ಒಂದೇ ಸಂಪುಟದಲ್ಲಿ ಕುಳಿತವು. ಮೇಲ್ಮನೆಯೂ ಇದೆ: ಒಂಬತ್ತು ಪ್ರಾಂತ್ಯಗಳಿಂದ ತಲಾ ಹತ್ತು ಪ್ರತಿನಿಧಿಗಳು. ಅಧ್ಯಕ್ಷರ ಆಯ್ಕೆಯಲ್ಲಿ ಅದಕ್ಕೆ ಮತವಿಲ್ಲ.