ರೊಟ್ಟಿ ಬಡಿಯುವ ಸದ್ದು ಮತ್ತು ಮೊದಲ ಮೂರು ಸೆಕೆಂಡು

(ಸಲಹಾರ್ಥಿಯ, ಅಂದರೆ ನನ್ನ ಬಳಿ ಆಪ್ತಸಲಹೆಗೆ ಬಂದವರ, ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯಲಾಗಿದೆ.)

ಉತ್ತರ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರಿಂದ ಬಂದಿದ್ದ ಮೂವತ್ತರ ಆಸುಪಾಸಿನ ಈ ಗೃಹಿಣಿ ಯೂಟ್ಯೂಬಿನಲ್ಲಿ ಅಡುಗೆಯ ವಿಡಿಯೊ ಮಾಡುವವರು. ನಿದ್ದೆ ಬರುವುದಿಲ್ಲ, ಫೋನು ಸದ್ದು ಮಾಡಿದರೆ ಎದೆ ಡವಗುಟ್ಟುತ್ತದೆ ಎಂಬುದು ಅವರು ಹೇಳಿಕೊಂಡ ತೊಂದರೆ. ಆದರೆ ಮೊದಲ ಭೇಟಿಯ ಕೊನೆಯಲ್ಲಿ ಅವರಾಡಿದ ಮಾತನ್ನೇ ನಾನು ಟಿಪ್ಪಣಿಯಲ್ಲಿ ಮೇಲೆ ಬರೆದುಕೊಂಡೆ: "ಮೇಡಂ, ನಾ ಮಾತಾಡೂದು ನಂದೋ ಅವ್ರದೋ ಅನ್ನೂದ ತಿಳೀವಲ್ದಾಗೇತ್ರಿ."

'ಅವರು' ಎಂದರೆ ಬೆಂಗಳೂರಿನ ಒಂದು ಏಜೆನ್ಸಿ. ಆರಂಭದಲ್ಲಿ ಸಲಹಾರ್ಥಿಯ ವಿಡಿಯೊಗಳಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು, ಸೊಸೆ ಪಕ್ಕದಲ್ಲಿ ಕುಳಿತು ಗುರೆಳ್ಳು ಚಟ್ನಿ ಕುಟ್ಟುತ್ತ ಮಾತಾಡುತ್ತಿದ್ದರು. ನೋಡುಗರು ಹೆಚ್ಚಾದಾಗ ಏಜೆನ್ಸಿಯಿಂದ ಕರೆ ಬಂತು. ಜಾಹೀರಾತು ತಂದುಕೊಡುತ್ತೇವೆ, ಬಂದದ್ದರಲ್ಲಿ ಪಾಲು ಕೊಟ್ಟರೆ ಸಾಕು ಎಂದರು. ಕೊಟ್ಟ ಮಾತನ್ನು ಅವರು ಉಳಿಸಿಕೊಂಡರೆಂಬುದನ್ನೂ ಹೇಳಬೇಕು. ಸಣ್ಣ ಊರಿನ ಹೆಣ್ಣುಮಗಳೊಬ್ಬಳು ದೊಡ್ಡ ಮಸಾಲೆ ಕಂಪನಿಯ ಬಾಗಿಲನ್ನು ತಾನಾಗಿಯೇ ತಟ್ಟುವುದು ಸುಲಭವಲ್ಲ, ಮನೆಗೆ ಫ್ರಿಜ್ ಬಂದದ್ದು ಆ ಹಣದಿಂದಲೇ.

ಅನಂತರ ವಾಟ್ಸಾಪ್ ಗುಂಪಿನಲ್ಲಿ 'ಅಕ್ಕಾ' ಎಂದು ಕರೆಯುತ್ತಲೇ ಸೂಚನೆಗಳು ಬರತೊಡಗಿದವು. ಮೊದಲ ಮೂರು ಸೆಕೆಂಡಿನಲ್ಲಿ ನೋಡುಗ ನಿಲ್ಲಬೇಕು, ಆದ್ದರಿಂದ ಹಿಟ್ಟು ನಾದುವುದು ಬೇಡ. ಭಾಷೆ ಎಲ್ಲರಿಗೂ ತಿಳಿಯಬೇಕು, ಆದ್ದರಿಂದ 'ಅದಾವ', 'ಐತಿ' ಬೇಡ. ವಾರಕ್ಕೆ ಎರಡರ ಬದಲು ಐದು ವಿಡಿಯೊ ಬೇಕು. ಏಜೆನ್ಸಿಯ ಕೈಕೆಳಗಿನ ಬೇರೆ ಪುಟಗಳು ಇವರ ತುಣುಕುಗಳನ್ನು ಹಂಚುತ್ತಿದ್ದವು, ಮಾತು ಕೇಳದ ವಾರ ಆ ಹಂಚಿಕೆ ನಿಲ್ಲುತ್ತಿತ್ತು. ಹೀಗೆ ಯಾರೂ ಗದರದೆಯೇ ಸಲಹಾರ್ಥಿ ಪಳಗಿದರು. ಕೊನೆಗೆ ಏಜೆನ್ಸಿಯವರು ಅತ್ತೆ–ಸೊಸೆ ಜಗಳದ ನಾಟಕವೊಂದನ್ನು ಬರೆದುಕೊಟ್ಟರು. ಆ ವಿಡಿಯೊವನ್ನು ಅತಿ ಹೆಚ್ಚು ಜನ ನೋಡಿದರು. ಸಂತೆಯಲ್ಲಿ ಬೀಗರೊಬ್ಬರು ನಿಜವೆಂದೇ ತಿಳಿದು ವಿಚಾರಿಸಿದರು. "ಊರ ಮಂದಿ ಕಣ್ಣಾಗ ನನ್ನ ರಾಕ್ಷಸಿ ಮಾಡಿದಿ" ಎಂದ ಅತ್ತೆ ಕ್ಯಾಮೆರಾ ಇರುವಾಗ ಅಡುಗೆಮನೆಗೆ ಬರುವುದನ್ನೇ ಬಿಟ್ಟರು.

ಇದನ್ನು ಬರಿಯ ಆತಂಕವೆಂದು ಕಂಡು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳುಹಿಸಬಹುದಿತ್ತು. ಹೇಳಿಕೊಟ್ಟದ್ದೂ ನಿಜ, ಆದರೆ ಆತಂಕದ ಬೇರು ಒಪ್ಪಂದಪತ್ರದಲ್ಲಿತ್ತು. ಮೂರು ವರ್ಷದ ಆ ಇಂಗ್ಲಿಷ್ ಪತ್ರವನ್ನು ಅವರು ಓದದೆ ಸಹಿ ಮಾಡಿದ್ದರು. ಚಾನೆಲ್ಲನ್ನು ಏಜೆನ್ಸಿಯ ಜಾಲಕ್ಕೆ ಜೋಡಿಸಿದ್ದರಿಂದ ಜಾಹೀರಾತಿನ ಆದಾಯ ಮೊದಲು ಏಜೆನ್ಸಿಯ ಖಾತೆಗೆ ಹೋಗಿ, ಪಾಲು ಕಳೆದು ಇವರಿಗೆ ಬರುತ್ತಿತ್ತು. ನಾನು ವಕೀಲೆಯಲ್ಲ, ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲು ಹೇಳಿದೆ. ಒಪ್ಪಂದ ಮುಗಿದ ಮೇಲೂ ಬೇರೆಯವರೊಂದಿಗೆ ದುಡಿಯಬಾರದೆಂದು ಆ ಪತ್ರದಲ್ಲಿದ್ದ ಷರತ್ತು 1872ರ ಕರಾರು ಕಾಯಿದೆಯ 27ನೆಯ ಕಲಮಿನ ಮುಂದೆ ಸಾಮಾನ್ಯವಾಗಿ ನಿಲ್ಲದು, ಒಪ್ಪಂದದ ಅವಧಿಯೊಳಗಿನ ನಿರ್ಬಂಧದ ಮಾತು ಮಾತ್ರ ಬೇರೆ ಎಂದು ಅಲ್ಲಿನ ವಕೀಲರು ತಿಳಿಸಿದ ದಿನ, ವಾರಗಳ ಬಳಿಕ ಅವರು ನಿದ್ದೆ ಮಾಡಿದರಂತೆ. ನನ್ನ ಉಸಿರಾಟದ ಪಾಠಕ್ಕಿಂತ ಕಾನೂನಿನ ಒಂದು ಕಲಮು ಹೆಚ್ಚು ಕೆಲಸ ಮಾಡಿತೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಇನ್ನೊಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿಯೇ ಹೇಳಬೇಕಾಯಿತು. ತೂಕ ಇಳಿಸುವ ಪುಡಿಯೊಂದನ್ನು, ಅದು ಜಾಹೀರಾತೆಂದು ತಿಳಿಸದೆ, ತಾವೇ ಬಳಸಿದವರಂತೆ ಹೊಗಳಿ ಎಂದು ಗುಂಪಿನಲ್ಲಿ ಸೂಚನೆ ಬಂದಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಮುಖವಾದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಹಣ ಅಥವಾ ಉಡುಗೊರೆ ಪಡೆದು ಹೊಗಳುವಾಗ ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪದಗಳನ್ನು ಏಜೆನ್ಸಿ ಬರೆದಿರಬಹುದು, ಮುಖ ನಿಮ್ಮದು ಎಂದೆ. ಅಂದೇ ನನ್ನೆದುರು ಕುಳಿತು ಅವರು ಒಲ್ಲೆ ಎಂಬ ಉತ್ತರವನ್ನು ಟೈಪು ಮಾಡಿದರು, ಕಳುಹಿಸಲು ಇಪ್ಪತ್ತು ನಿಮಿಷ ಹಿಡಿಯಿತು.

ಮನೆಯ ಮಟ್ಟಿಗೆ ನನ್ನ ಸಲಹೆ ಸರಳವಾಗಿತ್ತು. ರಾತ್ರಿ ಎಂಟರ ನಂತರ ಆ ಗುಂಪನ್ನು ತೆರೆಯಬಾರದು. ನೋಡುಗರ ಸಂಖ್ಯೆಯನ್ನು ವಾರಕ್ಕೊಮ್ಮೆ ಮಾತ್ರ ನೋಡಬೇಕು. ಅತ್ತೆಯ ಬಳಿ ಕ್ಷಮೆ ಕೇಳುವಾಗ 'ಏಜೆನ್ಸಿಯವರು ಹೇಳಿದರು' ಎಂಬ ಮಾತು ಬರಕೂಡದು. ಕೊನೆಯದು ಅವರಿಗೆ ಕಠಿಣವೆನಿಸಿತು, ಏಕೆಂದರೆ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆದರೆ ತಾವು ಒಪ್ಪಿದ ಪಾಲನ್ನು ತಮ್ಮದೆಂದು ಹೇಳದೆ ತಮ್ಮ ಮಾತು ಅವರಿಗೆ ಮರಳಿ ಸಿಗುವಂತಿರಲಿಲ್ಲ.

ಆರನೆಯ ಭೇಟಿಯ ಹೊತ್ತಿಗೆ, ಒಪ್ಪಂದವನ್ನು ನವೀಕರಿಸುವುದಿಲ್ಲವೆಂಬ ನೋಟಿಸನ್ನು ವಕೀಲರ ಮೂಲಕ ಕಳುಹಿಸಿದ್ದರು. ಆದಾಯ ಇಳಿದಿದೆ, ಗಂಡನಿಗೆ ಅಸಮಾಧಾನವಿದೆ. ಏಜೆನ್ಸಿಗೆ ತೋರಿಸದೆ ಹನ್ನೊಂದು ನಿಮಿಷದ ವಿಡಿಯೊ ಒಂದನ್ನು ಮಾಡಿಟ್ಟಿದ್ದಾರೆ. ಅದರಲ್ಲಿ ಅತ್ತೆಯ ಮುಖವಿಲ್ಲ, ಅವರ ಒಪ್ಪಿಗೆಯಂತೆ ಕೈ ಮತ್ತು ರೊಟ್ಟಿ ಬಡಿಯುವ ಸದ್ದು ಮಾತ್ರ ಇವೆ. ಅದನ್ನಿನ್ನೂ ಹಾಕಿಲ್ಲ. ಯಾವಾಗ ಹಾಕುತ್ತೀರೆಂದು ನಾನೂ ಕೇಳಿಲ್ಲ.